ಎಟಿಸಿ ಹೇಳಿದ್ದು, ಕ್ಯಾಪ್ಟನ್ ಮಾಡಬೇಕಾದ್ದು: ಪೈಲಟ್‌ನ ಅಧಿಕಾರ ಮತ್ತು ಹೊಣೆ, ಹೆಜ್ಜೆ ಹೆಜ್ಜೆಯಾಗಿ

ವಿಮಾನ ಹಾರಿಸಲು ಕಲಿಯುವವರು ಶುರುವಿನಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. ಎಟಿಸಿ, ಅಂದರೆ ನೆಲದಿಂದ ವಿಮಾನ ಸಂಚಾರ ನಡೆಸುವ ಕಂಟ್ರೋಲರ್‌ಗಳು, ಹೇಳಿದ್ದನ್ನು ಕೇಳಲೇಬೇಕಾ, ಇಲ್ಲಾ ಕ್ಯಾಪ್ಟನ್ ಮಾತೇ ಕೊನೇ ಮಾತಾ? ಎರಡೂ ಹೌದು. ಕೇಳಲೇಬೇಕು, ಕೊನೇ ಮಾತೂ ಕ್ಯಾಪ್ಟನ್‌ದೇ. ಇವೆರಡೂ ಒಂದೇ ಕಾಕ್‌ಪಿಟ್‌ನಲ್ಲಿ ಜಗಳವಿಲ್ಲದೆ ಹೇಗೆ ಇರುತ್ತವೆ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಎಂಜಿನ್‌ಗೆ ಬೆಂಕಿ ಬಿದ್ದ ದಿನ ಮಾತ್ರ ಈ ಅಧಿಕಾರ ಬೇಕಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನನ್ನ ಪ್ರಕಾರ ಒಂದೊಂದು ಹಾರಾಟದಲ್ಲೂ ಹತ್ತಾರು ಸಲ ಅದು ಕೆಲಸಕ್ಕೆ ಬರುತ್ತದೆ. ಕಂಟ್ರೋಲರ್ ಒಂದು ಮಾತು ಹೇಳುತ್ತಾರೆ, ನೀವು ಅದನ್ನು ರೀಡ್‌ಬ್ಯಾಕ್ ಮಾಡುತ್ತೀರಿ, ಅಂದರೆ ತಿರುಗಿ ಹೇಳುತ್ತೀರಿ. ನಡುವೆ ಎರಡು ಮೂರು ಸೆಕೆಂಡ್ ಸಿಗುತ್ತದೆ, ಅಲ್ವಾ? ಒಪ್ಪುವುದೋ ಬೇಡವೋ ಅಂತ ನೀವು ತೀರ್ಮಾನ ಮಾಡುವುದು ಅಲ್ಲೇ.

ಹೆಜ್ಜೆ 1: ನಿಯಮ ನಿಜವಾಗಿ ಏನು ಹೇಳುತ್ತದೆ ಅಂತ ತಿಳಿದುಕೊಳ್ಳಿ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯನ್ನು ಎಲ್ಲರೂ ಐಕಾವೊ ಅಂತ ಕರೆಯುತ್ತಾರೆ. ಅದರ ಅನೆಕ್ಸ್ 2 ಅಂದರೆ ಆಕಾಶದ ಸಂಚಾರ ನಿಯಮ. ಕಮಾಂಡ್‌ನಲ್ಲಿ ಇರುವಷ್ಟು ಹೊತ್ತು ವಿಮಾನದ ವಿಷಯದಲ್ಲಿ ಕೊನೆಯ ಅಧಿಕಾರ ಪೈಲಟ್ ಇನ್ ಕಮಾಂಡ್‌ದು (ಅಂದರೆ ಕ್ಯಾಪ್ಟನ್‌ದು) ಅಂತ ಅದು ನೇರವಾಗಿ ಹೇಳುತ್ತದೆ. ಕಂಟ್ರೋಲ್ ಬೇರೆ ಪೈಲಟ್ ಕೈಯಲ್ಲಿದ್ದರೂ ಹೊಣೆ ಇವರದೇ. ಸುರಕ್ಷತೆಗೆ ಬೇರೆ ದಾರಿಯೇ ಇಲ್ಲ ಅನ್ನುವಾಗ ನಿಯಮ ಬಿಟ್ಟು ನಡೆಯಬಹುದು ಅಂತಲೂ ಅದರಲ್ಲಿದೆ.

ಅಮೆರಿಕದ ನಿಯಮ ಇದನ್ನೇ ಇನ್ನೂ ಬಿಡಿಸಿ ಹೇಳುತ್ತದೆ. ಅಲ್ಲಿನ 91.3ರಲ್ಲಿ ಕ್ಯಾಪ್ಟನ್‌ನ ಕೊನೆಯ ಅಧಿಕಾರದ ಮಾತಿದೆ. 91.123ರಲ್ಲಿ ಅದರ ಇನ್ನೊಂದು ಮುಖ: ಒಮ್ಮೆ ಕ್ಲಿಯರೆನ್ಸ್ (ಎಟಿಸಿ ಕೊಡುವ ಅನುಮತಿ) ಪಡೆದ ಮೇಲೆ ಅದನ್ನು ಮೀರುವ ಹಾಗಿಲ್ಲ. ಮೀರಲು ಮೂರೇ ಕಾರಣ ಕೊಟ್ಟಿದ್ದಾರೆ. ಹೊಸ ಕ್ಲಿಯರೆನ್ಸ್ ಸಿಕ್ಕಿರಬೇಕು, ತುರ್ತು ಪರಿಸ್ಥಿತಿ ಇರಬೇಕು, ಅಥವಾ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಯಂತ್ರ ಆದೇಶ ಕೊಟ್ಟಿರಬೇಕು. ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ, ಅದನ್ನು ಜನ ಮರೆತುಬಿಡುತ್ತಾರೆ. ಕ್ಲಿಯರೆನ್ಸ್ ಬಗ್ಗೆ ಅನುಮಾನ ಬಂದರೆ ಕೂಡಲೇ ಕೇಳಿ ಸ್ಪಷ್ಟ ಮಾಡಿಕೊಳ್ಳಬೇಕು. ಕೇಳುವುದು ಸೌಜನ್ಯಕ್ಕೆ ಬಿಟ್ಟ ವಿಷಯ ಅಲ್ಲ, ನಿಯಮವೇ ಹಾಗಿದೆ.

ಒಪ್ಪಿದ ಮಾತಿಗೆ ಯಾಕೆ ಇಷ್ಟು ತೂಕ? 1996ರ ನವೆಂಬರ್ 12ರಂದು ದೆಹಲಿ ಹತ್ತಿರದ ಚರ್ಖಿ ದಾದ್ರಿ ಮೇಲೆ ಆದದ್ದನ್ನು ನೆನೆಸಿಕೊಳ್ಳಿ. ಕಜಕಸ್ತಾನದ ವಿಮಾನಕ್ಕೆ 15,000 ಅಡಿಗೆ ಇಳಿಯಲು ಅನುಮತಿ ಇತ್ತು. ಎದುರಿನಿಂದ ಬರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ. ಮೊದಲನೆಯದು ತನ್ನ ಎತ್ತರ ಬಿಟ್ಟು ಇನ್ನೂ ಕೆಳಗಿಳಿಯಿತು. 349 ಜನ ಸತ್ತರು. ನಿಮಗೆ ಕೊಟ್ಟ ಎತ್ತರದ ಸಂಖ್ಯೆಯ ಕೆಳಗೆ ಯಾರಿದ್ದಾರೆ ಅಂತ ನಿಮಗೆ ಕಾಣುವುದಿಲ್ಲ. ಕಂಟ್ರೋಲರ್‌ಗೆ ಕಾಣುತ್ತದೆ.

ಹೆಜ್ಜೆ 2: ನಿಮ್ಮ ಗೆರೆಗಳನ್ನು ನೆಲದ ಮೇಲೇ ಬರೆದುಕೊಳ್ಳಿ

'ಆಗಲ್ಲ' ಅನ್ನಬೇಕಾದರೆ ಎಲ್ಲಿಂದ ಆಚೆ ಆಗಲ್ಲ ಅಂತ ಮೊದಲೇ ಗೊತ್ತಿರಬೇಕು. ಹೊರಡುವ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಸಂಖ್ಯೆ ಬರೆದು ಮೊಣಕಾಲ ಮೇಲಿನ ಪ್ಯಾಡ್‌ಗೆ ಸಿಕ್ಕಿಸಿಕೊಳ್ಳಿ. ಇವತ್ತಿನ ತೂಕಕ್ಕೆ ಅತಿ ಕಡಿಮೆ ಸುರಕ್ಷಿತ ವೇಗ ಎಷ್ಟು, ಅಡ್ಡಗಾಳಿ ಎಷ್ಟು ದಾಟಿದರೆ ಇಳಿಯುವುದಿಲ್ಲ, ಇಳಿಯಲು ಎಷ್ಟು ರನ್‌ವೇ ಬೇಕು, ಎಷ್ಟು ಇಂಧನ ಉಳಿದಾಗ ಕಾಯುವುದು ಬಿಟ್ಟು ಬೇರೆ ನಿಲ್ದಾಣಕ್ಕೆ ತಿರುಗುತ್ತೀರಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಮೇಲೆ ಸುತ್ತುತ್ತಾ ಕಾಯುವಾಗ ಮನಸ್ಸು ಚೌಕಾಶಿ ಶುರು ಮಾಡುತ್ತದೆ. ಇನ್ನೊಂದು ಸುತ್ತು, ಇನ್ನೈದು ನಿಮಿಷ ಅನ್ನುತ್ತದೆ. ಚೀಟಿಯಲ್ಲಿ ಬರೆದ ಸಂಖ್ಯೆ ಚೌಕಾಶಿ ಮಾಡುವುದಿಲ್ಲ.

ಹೆಜ್ಜೆ 3: ಕೇಳಿ, ಬರೆದುಕೊಳ್ಳಿ, ತೂಗಿ ನೋಡಿ, ಆಮೇಲೆ ರೀಡ್‌ಬ್ಯಾಕ್

ರೀಡ್‌ಬ್ಯಾಕ್ ಗಿಣಿಪಾಠ ಆಗಬಾರದು. ತಿರುಗಿ ಹೇಳಿದಿರಿ ಅಂದರೆ ಒಪ್ಪಿಕೊಂಡಿರಿ ಅಂತ ಅರ್ಥ. ಒಪ್ಪಿಕೊಂಡಿರಿ ಅಂದರೆ ಮಾಡುವ ಹೊಣೆ ನಿಮ್ಮದು. ಹಾಗಾಗಿ ಬಾಯಿ ತೆರೆಯುವ ಮುಂಚೆ ಮೂರು ಪ್ರಶ್ನೆ ಹಾಕಿಕೊಳ್ಳಿ. ಇದು ನನ್ನ ವಿಮಾನದಿಂದ ಆಗುತ್ತದಾ? ಇದು ನನ್ನನ್ನು ಬೆಟ್ಟ, ಮೋಡ, ಬೇರೆ ವಿಮಾನ ಯಾವುದರ ಕಡೆಗಾದರೂ ಒಯ್ಯುತ್ತದಾ? ಈಗಷ್ಟೇ ಹೇಳಿದ ಮಾತಿಗೂ ಇದಕ್ಕೂ ಹೊಂದಿಕೆ ಇದೆಯಾ?

ಪೂರ್ತಿ ತಿರುಗಿ ಹೇಳಲೇಬೇಕಾದವು ಕೆಲವಿವೆ. ಹೋಗುವ ದಾರಿಯ ಕ್ಲಿಯರೆನ್ಸ್, ರನ್‌ವೇಗೆ ಸಂಬಂಧಪಟ್ಟ ಎಲ್ಲಾ ಮಾತು (ಒಳಗೆ ಹೋಗಿ, ದಾಟಿ, ಹೊರಗೇ ನಿಲ್ಲಿ, ಏರಿ, ಇಳಿ), ಬಳಕೆಯಲ್ಲಿರುವ ರನ್‌ವೇ ಯಾವುದು, ಎತ್ತರ, ದಿಕ್ಕು, ವೇಗ, ಆಲ್ಟಿಮೀಟರ್ (ಎತ್ತರ ತೋರಿಸುವ ಮಾಪಕ) ಸೆಟ್ಟಿಂಗ್, ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಯಂತ್ರ) ಸಂಖ್ಯೆ. ಇವಕ್ಕೆ ಬರೀ 'ರೋಜರ್' ಸಾಲದು.

ಕಲಿಯುವ ದಿನಗಳಲ್ಲಿ ನಾನು ಈ ತಪ್ಪು ಮಾಡಿದ್ದೇನೆ. ರನ್‌ವೇ ಹತ್ತಿರ ಬರುತ್ತಿದ್ದೆ. ಟವರ್‌ನಿಂದ 'ಹೋಲ್ಡ್ ಶಾರ್ಟ್' (ರನ್‌ವೇ ಹೊರಗೇ ನಿಲ್ಲಿ) ಅಂತ ಬಂತು. ನಾನು ಚೆಕ್‌ಲಿಸ್ಟ್ ನೋಡುತ್ತಾ 'ರೋಜರ್' ಅಂದೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಏನೂ ಮಾತಾಡದೆ ಬ್ರೇಕ್ ಒತ್ತಿದರು. ಮೂಗಿನ ಚಕ್ರದ ಮುಂದೆ ಹಳದಿ ಗೆರೆಗಳು ಕಾಣುತ್ತಿದ್ದವು, ಎರಡು ಪೂರ್ತಿ, ಎರಡು ತುಂಡು ತುಂಡು. ಟವರ್ ಮತ್ತೆ ಅದನ್ನೇ ಹೇಳಿತು, ಈ ಸಲ ನಿಧಾನವಾಗಿ. ಅವರಿಗೆ ಬೇಕಾಗಿದ್ದದ್ದು ರನ್‌ವೇ ಸಂಖ್ಯೆಯ ಜೊತೆ 'ಹೋಲ್ಡಿಂಗ್ ಶಾರ್ಟ್' ಅನ್ನುವ ಮಾತು. 'ರೋಜರ್' ಅಂದರೆ ನಿಮ್ಮ ಮಾತು ಕೇಳಿಸಿತು ಅಂತ ಅಷ್ಟೇ. ಹೇಳಿದ ಹಾಗೆ ಮಾಡುತ್ತೇನೆ ಅನ್ನಲು 'ವಿಲ್ಕೊ' ಇದೆ. ರನ್‌ವೇ ವಿಷಯಕ್ಕೆ ಅದೂ ಸಾಲದು, ಪೂರ್ತಿ ಸಾಲೇ ಬೇಕು.

ಮಾತು ಸಡಿಲವಾದರೆ ಏನಾಗುತ್ತದೆ ಅನ್ನೋದಕ್ಕೆ 1977ರ ಮಾರ್ಚ್ 27ರ ಟೆನೆರೀಫ್ ದುರಂತ ಸಾಕ್ಷಿ. ದಟ್ಟ ಮಂಜು. ಕೆಎಲ್‌ಎಂ ವಿಮಾನಕ್ಕೆ ಮೇಲೇರಿದ ಮೇಲೆ ಹೋಗಬೇಕಾದ ದಾರಿಯ ಕ್ಲಿಯರೆನ್ಸ್ ಸಿಕ್ಕಿತ್ತು, ಏರುವ ಕ್ಲಿಯರೆನ್ಸ್ ಸಿಕ್ಕಿರಲಿಲ್ಲ. ಪೈಲಟ್‌ಗಳು ಟೇಕಾಫ್‌ನಲ್ಲಿದ್ದೇವೆ ಅನ್ನುವ ಅರ್ಥದ ಒಂದು ಮಾತು ಹೇಳಿದರು. ಟವರ್ ಅದನ್ನು ಕಾಯುತ್ತಿದ್ದಾರೆ ಅಂತ ತಿಳಿಯಿತು. ನಿಲ್ಲಿ ಅಂತ ಟವರ್ ಹೇಳುವಾಗಲೇ ಪ್ಯಾನ್ ಆಮ್ ವಿಮಾನವೂ ಮಾತಾಡಿತು, ಎರಡು ಧ್ವನಿ ಒಂದರ ಮೇಲೊಂದು ಬಿದ್ದು ರೇಡಿಯೊದಲ್ಲಿ ಕೀರಲು ಸದ್ದಾಯಿತು. 583 ಜನ ಸತ್ತರು. ಇವತ್ತು 'ಟೇಕಾಫ್' ಅನ್ನುವ ಶಬ್ದವನ್ನು ಆ ಕ್ಲಿಯರೆನ್ಸ್ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ. ಬೇರೆ ಕಡೆಯೆಲ್ಲಾ 'ಡಿಪಾರ್ಚರ್'.

ಆ ಕಾಕ್‌ಪಿಟ್‌ನಲ್ಲಿ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಅವರು ಕೇಳಿದರು ಕೂಡ. ಕ್ಯಾಪ್ಟನ್ ಸಮಾಧಾನ ಹೇಳಿ ಮುಂದೆ ಹೋದರು. ಕೊನೇ ಮಾತು ನಿಮ್ಮದು ಅಂದಮೇಲೆ ಪಕ್ಕದವರ ಅನುಮಾನ ಕೇಳಿಸಿಕೊಳ್ಳುವ ಹೊಣೆಯೂ ನಿಮ್ಮದೇ.

ಹೆಜ್ಜೆ 4: ಅರ್ಥವಾಗದಿದ್ದರೆ ಕೇಳಿ, ಊಹೆ ಮಾಡಬೇಡಿ

1974ರ ಡಿಸೆಂಬರ್ 1. ಟಿಡಬ್ಲ್ಯುಎ 514 ವಿಮಾನ ವಾಷಿಂಗ್ಟನ್ ಹತ್ತಿರದ ಡಲ್ಲಸ್ ನಿಲ್ದಾಣಕ್ಕೆ ಬರುತ್ತಿತ್ತು. ಕಂಟ್ರೋಲರ್ ಅಪ್ರೋಚ್‌ಗೆ, ಅಂದರೆ ಇಳಿಯಲು ರನ್‌ವೇ ಕಡೆಗೆ ಬರುವುದಕ್ಕೆ, ಕ್ಲಿಯರೆನ್ಸ್ ಕೊಟ್ಟರು. ಎಷ್ಟು ಎತ್ತರದಲ್ಲಿ ಇರಬೇಕು ಅಂತ ಹೇಳಲಿಲ್ಲ. ಕ್ಲಿಯರೆನ್ಸ್ ಕೊಟ್ಟಿದ್ದಾರೆ ಅಂದಮೇಲೆ ಇಳಿಯಬಹುದು ಅಂತ ಪೈಲಟ್‌ಗಳು 1,800 ಅಡಿಗೆ ಹೊರಟರು. ಎತ್ತರ ನೋಡಿಕೊಳ್ಳುವುದು ಪೈಲಟ್‌ಗಳ ಕೆಲಸ ಅಂತ ಕಂಟ್ರೋಲರ್ ತಿಳಿದಿದ್ದರು. ನಡುವೆ ಬೆಟ್ಟ ಇತ್ತು. 92 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಚಾರ್ಟ್ ನೋಡುತ್ತಾ ಆ ಪೈಲಟ್‌ಗಳು ಗೊಂದಲದಲ್ಲಿ ಮಾತಾಡಿಕೊಂಡಿದ್ದು ರೆಕಾರ್ಡರ್‌ನಲ್ಲಿ ಸಿಕ್ಕಿತು. ರೇಡಿಯೊದಲ್ಲಿ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು ಅಂತ ಆ ದಾಖಲೆ ಓದಿದಾಗಲೆಲ್ಲಾ ನನಗೆ ಸಂಕಟವಾಗುತ್ತದೆ.

ಇಲ್ಲಿಂದ ಎರಡು ಅಭ್ಯಾಸ ಬೆಳೆಸಿಕೊಳ್ಳಿ. ಒಂದು, ಕಾಕ್‌ಪಿಟ್‌ನಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು 'ಏನಂದ್ರು?' ಅಂದರೆ ಅಲ್ಲಿಗೆ ಊಹೆ ನಿಲ್ಲಬೇಕು. 'ಸೇ ಅಗೇನ್' ಅನ್ನಿ. ಎರಡು, ಕಂಟ್ರೋಲರ್ ದಿಕ್ಕು ಕೊಟ್ಟು ನಡೆಸುತ್ತಿರುವಾಗಲೂ ನೆಲ ಎಲ್ಲಿದೆ ಅಂತ ನೀವೇ ನೋಡುತ್ತಿರಿ. ಉಪಕರಣ ನಿಯಮದ ಹಾರಾಟಕ್ಕೆ ರೇಡಾರ್‌ನಿಂದ ದಿಕ್ಕು ಕೊಡುವಾಗ ಬೆಟ್ಟದಿಂದ ಅಂತರ ಕಾಯುವುದು ಕಂಟ್ರೋಲರ್ ಕೆಲಸವೇ. ಆದರೂ ಒಂದು ದಿಕ್ಕು ಕೊಟ್ಟು ಮತ್ತೆ ಮಾತೇ ಇಲ್ಲ, ಎದುರಿಗೆ ಎತ್ತರದ ನೆಲ ಇದೆ ಅಂದರೆ ಸುಮ್ನೆ ಕೂರಬೇಡಿ, ಕೇಳಿ. ಅವರು ಬೇರೆ ಹತ್ತು ವಿಮಾನ ನೋಡುತ್ತಿರಬಹುದು, ರೇಡಿಯೊ ಕೆಟ್ಟಿರಬಹುದು. ಕಣ್ಣಳತೆಯ ಹಾರಾಟದಲ್ಲಂತೂ ನೆಲದಿಂದಲೂ ಮೋಡದಿಂದಲೂ ದೂರ ಇರುವುದು ಪೂರ್ತಿ ನಿಮ್ಮ ಕೆಲಸ.

ಹೆಜ್ಜೆ 5: 'ಅನೇಬಲ್' ಅನ್ನುವುದನ್ನು ಕಲಿಯಿರಿ

'ಅನೇಬಲ್' ಅಂದರೆ ನನ್ನಿಂದ ಆಗಲ್ಲ ಅಂತ. ಹೊಸಬರ ಬಾಯಲ್ಲಿ ಈ ಪದ ಬರುವುದೇ ಇಲ್ಲ. ದೊಡ್ಡವರ ಎದುರು ಆಗಲ್ಲ ಅಂದ ಹಾಗೆ ಅನಿಸುತ್ತದೆ. ಕಂಟ್ರೋಲರ್‌ಗೆ ಹಾಗೆ ಅನಿಸುವುದಿಲ್ಲ. ಅವರಿಗೆ ಅದು ಉಪಯೋಗಕ್ಕೆ ಬರುವ ಮಾಹಿತಿ. ಬೇಗ ಹೇಳಿದಷ್ಟೂ ಅವರಿಗೆ ಬೇರೆ ದಾರಿ ಹುಡುಕಲು ಸಮಯ ಜಾಸ್ತಿ. ಕ್ಲಿಯರೆನ್ಸ್ ಹೊಂದದಿದ್ದರೆ ಬೇರೆಯದು ಕೇಳುವ ಹಕ್ಕನ್ನು ಐಕಾವೊ ನಿಯಮವೇ ಕೊಟ್ಟಿದೆ.

ಒಂದು ಸಂದರ್ಭ ಹತ್ತಿರದಿಂದ ನೋಡೋಣ. ಇಳಿಯಲು ಬರುತ್ತಿದ್ದೀರಿ, ವಿಮಾನ ಭಾರವಾಗಿದೆ. ಇವತ್ತಿನ ತೂಕಕ್ಕೆ ರೆಕ್ಕೆಯ ಫ್ಲ್ಯಾಪ್ ಈಗಿರುವ ಸ್ಥಿತಿಯಲ್ಲಿ 170 ನಾಟ್‌ಗಿಂತ ಕೆಳಗೆ ಹೋಗುವ ಹಾಗಿಲ್ಲ ಅಂತ ಚೀಟಿ ಹೇಳುತ್ತದೆ. ಅಪ್ರೋಚ್ ಕಂಟ್ರೋಲರ್ 'ರೆಡ್ಯೂಸ್ ಸ್ಪೀಡ್ ಒನ್ ಸಿಕ್ಸ್ ಝೀರೋ ನಾಟ್ಸ್' ಅಂದರು. ತಪ್ಪು ದಾರಿ ಎರಡಿವೆ. ಒಂದು, ಒಪ್ಪಿಕೊಂಡು ವಿಮಾನವನ್ನು ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಹತ್ತಿರ ತಳ್ಳುವುದು. ಇನ್ನೊಂದು, ಒಪ್ಪಿಕೊಂಡು 170ರಲ್ಲೇ ಮುಂದುವರಿಯುವುದು. ಎರಡನೆಯದನ್ನು ಮಾಡುವವರು ಜಾಸ್ತಿ, ಅದೂ ಅಷ್ಟೇ ಕೆಟ್ಟದ್ದು. ಯಾಕೆಂದರೆ ನೀವು 160ರಲ್ಲಿದ್ದೀರಿ ಅಂತ ನಂಬಿ ಅವರು ಮುಂದಿನ ವಿಮಾನದ ಅಂತರ ಲೆಕ್ಕ ಹಾಕಿರುತ್ತಾರೆ. ಸರಿಯಾದ ಉತ್ತರ ಇದು: 'ಅನೇಬಲ್ ಒನ್ ಸಿಕ್ಸ್ ಝೀರೋ, ಮಿನಿಮಮ್ ಸ್ಪೀಡ್ ಒನ್ ಸೆವೆನ್ ಝೀರೋ.' ಆಗಲ್ಲ ಅಂದಿರಿ, ಎಷ್ಟು ಆಗುತ್ತದೆ ಅಂತಲೂ ಹೇಳಿದಿರಿ. ಕಂಟ್ರೋಲರ್ ನಿಮ್ಮನ್ನು ಸ್ವಲ್ಪ ಸುತ್ತಿಸಬಹುದು. ಆ ಎರಡು ನಿಮಿಷದ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ.

ಹವೆಯ ವಿಷಯದಲ್ಲೂ ಇದೇ ಕ್ರಮ. ನಿಮ್ಮ ಎದುರಿನ ಗುಡುಗು ಮೋಡ ಅವರ ಪರದೆಯಲ್ಲಿ ನಿಮಗೆ ಕಾಣುವಷ್ಟು ಚೆನ್ನಾಗಿ ಕಾಣದಿರಬಹುದು. ಹತ್ತಿರ ಹೋಗುವ ಮುಂಚೆಯೇ ಯಾವ ಕಡೆಗೆ, ಎಷ್ಟು ಡಿಗ್ರಿ, ಎಷ್ಟು ದೂರದವರೆಗೆ ಅಂತ ಹೇಳಿ ಅನುಮತಿ ಕೇಳಿ. ಬೇಗ ಉತ್ತರ ಬೇಕಾದರೆ 'ವೆದರ್ ಡೀವಿಯೇಶನ್ ರಿಕ್ವೈರ್ಡ್' (ಹವೆಯಿಂದಾಗಿ ದಾರಿ ಬದಲಿಸಲೇಬೇಕು) ಅನ್ನಿ, ಈ ಮಾತಿಗೆ ಆದ್ಯತೆ ಸಿಗುತ್ತದೆ. ಅದಕ್ಕೂ ಆಗಲಿಲ್ಲ, ಮೋಡದೊಳಗೆ ಹೋದರೆ ಅಪಾಯ ಖಂಡಿತ ಅಂದರೆ ತುರ್ತು ಘೋಷಿಸಿ ತಿರುಗಿ. ಹೇಳದೆ ತಿರುಗಬೇಡಿ.

ಹೆಜ್ಜೆ 6: ಅನುಮತಿ ಯಾವುದು, ಆದೇಶ ಯಾವುದು ಗುರುತಿಸಿ

'ಕ್ಲಿಯರ್ಡ್ ಟು ಲ್ಯಾಂಡ್' ಅಂದರೆ ಇಳಿಯಬಹುದು ಅಂತ, ಇಳಿಯಲೇಬೇಕು ಅಂತ ಅಲ್ಲ. ಕೊನೇ ಗಳಿಗೆಯಲ್ಲಿ ಸರಿ ಅನಿಸದಿದ್ದರೆ ಮತ್ತೆ ಮೇಲೇರಿ. ಯಾರನ್ನೂ ಕೇಳಬೇಕಿಲ್ಲ, ಏರುತ್ತಾ ತಿಳಿಸಿದರೆ ಸಾಕು. 'ಇಮ್ಮಿಡಿಯಟ್ ಟೇಕಾಫ್' ಕೂಡ ಹಾಗೆಯೇ. ತಯಾರಿಲ್ಲದಿದ್ದರೆ ರನ್‌ವೇ ಹೊರಗೇ ನಿಲ್ಲುತ್ತೇನೆ ಅನ್ನಿ. ದೊಡ್ಡ ವಿಮಾನದ ಹಿಂದೆ ಸಣ್ಣ ವಿಮಾನ ಹೊರಡುವಾಗ ಗಾಳಿಸುಳಿ ಅಡಗಲು ಇನ್ನೂ ಸಮಯ ಬೇಕು ಅಂತ ಕೇಳಬಹುದು.

ಮುಂದಿನ ವಿಮಾನ ಕಾಣುತ್ತಿದೆಯಾ ಅಂತ ಕೇಳಿ, ಕಣ್ಣಿಟ್ಟು ಅಂತರ ಕಾಯಿರಿ ಅಂತ ಕಂಟ್ರೋಲರ್ ಹೇಳಿದಾಗ ಮಾತ್ರ ಎರಡು ಸಲ ಯೋಚಿಸಿ. ಒಪ್ಪಿದ ಕ್ಷಣದಿಂದ ಅಂತರದ ಹೊಣೆ ನಿಮ್ಮದು. ಕಾಣುತ್ತಿರುವುದು ಅದೇ ವಿಮಾನವಾ ಅಂತ ಖಾತ್ರಿ ಇಲ್ಲದಿದ್ದರೆ ಕಾಣುತ್ತಿಲ್ಲ ಅನ್ನಿ. ನಡುವೆ ಕಣ್ಣಿಂದ ತಪ್ಪಿದರೂ ಕೂಡಲೇ ಹೇಳಿ.

ಹೆಜ್ಜೆ 7: ಟಿಕ್ಯಾಸ್ ಮಾತಾಡಿದರೆ ಕಂಟ್ರೋಲರ್ ಮಾತು ಬದಿಗಿಡಿ

ಇಲ್ಲಿ ಯೋಚನೆಗೆ ಜಾಗವಿಲ್ಲ, ಹಾಗಾಗಿ ನೆಲದ ಮೇಲೆಯೇ ಯೋಚಿಸಿ ಮುಗಿಸಿರಬೇಕು. ಟಿಕ್ಯಾಸ್ ಎರಡು ಬಗೆಯಲ್ಲಿ ಎಚ್ಚರಿಸುತ್ತದೆ. ಮೊದಲು 'ಟ್ರಾಫಿಕ್, ಟ್ರಾಫಿಕ್' ಅನ್ನುತ್ತದೆ. ಅಷ್ಟಕ್ಕೇ ವಿಮಾನ ತಿರುಗಿಸಬೇಡಿ, ಹುಡುಕಿ ನೋಡಿ, ಕೈ ಸಿದ್ಧವಾಗಿಡಿ. ಎರಡನೆಯದು 'ಕ್ಲೈಮ್ಬ್' ಅಥವಾ 'ಡಿಸೆಂಡ್' ಅನ್ನುವ ಆದೇಶ, ಅದಕ್ಕೆ ಆರ್‌ಎ ಅನ್ನುತ್ತಾರೆ. ಐದು ಸೆಕೆಂಡಿನೊಳಗೆ ವಿಮಾನ ಅದರಂತೆ ನಡೆಯಬೇಕು.

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಎರಡು ವಿಮಾನ 36,000 ಅಡಿಯಲ್ಲಿ ಎದುರುಬದುರಾದವು. ಒಂದು ರಷ್ಯಾದ ಟುಪೊಲೆವ್, ಇನ್ನೊಂದು ಡಿಎಚ್‌ಎಲ್ ಸರಕು ವಿಮಾನ. ಕಂಟ್ರೋಲರ್ ಒಬ್ಬರೇ ಎರಡು ಪರದೆ ನೋಡುತ್ತಿದ್ದರು. ಅಪಾಯ ಕಂಡು ಟುಪೊಲೆವ್‌ಗೆ ಇಳಿಯಿರಿ ಅಂದರು. ಕೆಲವೇ ಸೆಕೆಂಡಿನಲ್ಲಿ ಅದರ ಟಿಕ್ಯಾಸ್ ಏರಿ ಅಂತು. ಪೈಲಟ್‌ಗಳು ಕಂಟ್ರೋಲರ್ ಮಾತು ಹಿಡಿದು ಇಳಿದರು. ಡಿಎಚ್‌ಎಲ್ ಪೈಲಟ್‌ಗಳು ತಮ್ಮ ಟಿಕ್ಯಾಸ್ ಹೇಳಿದಂತೆ ಇಳಿದರು. ಎರಡೂ ಒಂದೇ ಎತ್ತರಕ್ಕೆ ಇಳಿದು ಬಂದು ಡಿಕ್ಕಿ ಹೊಡೆದವು. 71 ಜನ ಹೋದರು, ಅವರಲ್ಲಿ ಬಹಳಷ್ಟು ಮಕ್ಕಳಿದ್ದರು.

ಯಂತ್ರದ ಮಾತಿಗೆ ಇಷ್ಟು ಬೆಲೆ ಯಾಕೆ? ಎರಡು ವಿಮಾನದ ಟಿಕ್ಯಾಸ್‌ಗಳು ತಮ್ಮ ತಮ್ಮಲ್ಲೇ ಸಂಕೇತ ಕಳಿಸಿಕೊಂಡು, ನೀನು ಏರು ನಾನು ಇಳಿಯುತ್ತೇನೆ ಅಂತ ಹಂಚಿಕೊಂಡಿರುತ್ತವೆ. ಒಬ್ಬರು ಒಪ್ಪಂದ ಮುರಿದರೂ ಇಡೀ ಲೆಕ್ಕ ಕೆಡುತ್ತದೆ. ರೇಡಾರ್ ಪರದೆ ಕೆಲವು ಸೆಕೆಂಡಿಗೊಮ್ಮೆ ಹೊಸದಾಗುತ್ತದೆ, ಅಷ್ಟರಲ್ಲಿ ಕಥೆ ಮುಗಿದಿರಬಹುದು.

ಹಾಗಾಗಿ ಕ್ರಮ ಇದು. ಆರ್‌ಎ ಬಂತು, ವಿಮಾನ ಅದರಂತೆ ನಡೆಸಿ. ಎದುರು ದಿಕ್ಕಿಗೆ ಖಂಡಿತ ಹೋಗಬೇಡಿ. ಕೈ ಬಿಡುವಾದಾಗ 'ಟಿಕ್ಯಾಸ್ ಆರ್‌ಎ' ಅಂತ ಹೇಳಿ. ಅಲ್ಲಿಂದ ಮುಂದೆ ನಿಮ್ಮ ದಾರಿ ಬದಲಿಸಲು ಕಂಟ್ರೋಲರ್ ಪ್ರಯತ್ನ ಮಾಡಬಾರದು. ಅಪಾಯ ಕಳೆದಾಗ 'ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್' ಅಂತ ತಿಳಿಸಿ, ಮೊದಲಿದ್ದ ಎತ್ತರಕ್ಕೆ ಮರಳುತ್ತಿದ್ದೇನೆ ಅಂತ ಸೇರಿಸಿ. ಆರ್‌ಎಗಿಂತ ಮೇಲಿನದು ಮೂರಿವೆ: ಸ್ಟಾಲ್ ಎಚ್ಚರಿಕೆ, ವಿಂಡ್‌ಶಿಯರ್ (ಗಾಳಿ ದಿಢೀರ್ ಬದಲಾಗುವುದು) ಎಚ್ಚರಿಕೆ, ನೆಲ ಹತ್ತಿರವಾದ ಎಚ್ಚರಿಕೆ.

ಹೆಜ್ಜೆ 8: ತುರ್ತು ಅಂದರೆ ತುರ್ತು ಅನ್ನಿ

1990ರ ಜನವರಿ 25ರಂದು ಅವಿಯಾಂಕಾ 52 ನ್ಯೂಯಾರ್ಕ್ ಹತ್ತಿರ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಸುತ್ತುತ್ತಾ ಕಾಯಿತು. ಪೈಲಟ್‌ಗಳು ಆದ್ಯತೆ ಕೇಳಿದರು. ಇಂಧನ ಮುಗಿಯುತ್ತಿದೆ ಅಂತಲೂ ಹೇಳಿದರು. ಆದರೆ 'ಎಮರ್ಜೆನ್ಸಿ' ಅನ್ನಲಿಲ್ಲ. ಕೊಟ್ಟ ಸೂಚನೆಗಳನ್ನೆಲ್ಲಾ ಸೌಮ್ಯವಾಗಿ ಒಪ್ಪುತ್ತಾ ಹೋದರು. ಮೊದಲ ಸಲ ಇಳಿಯಲು ಆಗಲಿಲ್ಲ. ಎರಡನೆಯ ಸಲಕ್ಕೆ ತಿರುಗುವಾಗ ಎಂಜಿನ್‌ಗಳು ಒಂದೊಂದಾಗಿ ನಿಂತವು. 158 ಜನರಲ್ಲಿ 73 ಜನ ಸತ್ತರು.

ಕಂಟ್ರೋಲರ್ ನಿಮ್ಮ ಇಂಧನದ ಮುಳ್ಳು ನೋಡಲಾರರು, ಪದ ಮಾತ್ರ ಕೇಳುತ್ತಾರೆ. ಆದ್ದರಿಂದ ಸರಿಯಾದ ಪದವನ್ನೇ ಬಳಸಿ. ಇನ್ನು ತಡವಾದರೆ ಕೊನೆಯ ಮೀಸಲು ಇಂಧನಕ್ಕೆ ಕೈ ಹಾಕಬೇಕಾಗಬಹುದು ಅಂದರೆ 'ಮಿನಿಮಮ್ ಫ್ಯೂಯಲ್'. ಇದರಿಂದ ಆದ್ಯತೆ ಸಿಗುವುದಿಲ್ಲ, ಮುಂದೆ ತುರ್ತಾಗಬಹುದು ಅನ್ನುವ ಸೂಚನೆ ಅಷ್ಟೇ. ಇಳಿಯುವಷ್ಟರಲ್ಲಿ ಆ ಮೀಸಲು ಮುಟ್ಟುವುದು ಖಂಡಿತ ಅಂತ ಲೆಕ್ಕ ಹೇಳಿದರೆ 'ಮೇಡೇ, ಮೇಡೇ, ಮೇಡೇ, ಫ್ಯೂಯಲ್' ಅನ್ನುವ ತುರ್ತು ಕರೆ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದ, ಆದರೆ ಅವಸರದ ತೊಂದರೆಗೆ 'ಪ್ಯಾನ್ ಪ್ಯಾನ್' ಮೂರು ಸಲ. ಮೇಡೇ ಜೊತೆ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಖ್ಯೆ 7700.

ಆಮೇಲೆ ಅನುಕ್ರಮ ಮರೆಯಬೇಡಿ. ಮೊದಲು ವಿಮಾನ ಹಾರಿಸಿ, ಆಮೇಲೆ ದಾರಿ ನೋಡಿ, ಕೊನೆಗೆ ಮಾತಾಡಿ. 2009ರ ಜನವರಿ 15ರಂದು ಯುಎಸ್ ಏರ್‌ವೇಸ್ 1549ಕ್ಕೆ ಹಕ್ಕಿಗಳು ಬಡಿದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡಾಗ ಕಂಟ್ರೋಲರ್ ಒಂದಾದ ಮೇಲೊಂದು ರನ್‌ವೇ ಕೊಡುತ್ತಾ ಹೋದರು. ಕ್ಯಾಪ್ಟನ್ ಸಲೆನ್‌ಬರ್ಗರ್ 'ಅನೇಬಲ್' ಅಂದರು, ಹಡ್ಸನ್ ನದಿಗೆ ಇಳಿಯಬೇಕಾದೀತು ಅಂತ ತಿಳಿಸಿದರು. ಮಾತು ಕಡಿಮೆ, ಅರ್ಥ ಪೂರ್ತಿ. ಕಂಟ್ರೋಲರ್ ತಮ್ಮ ಕೆಲಸ ಮಾಡಿದರು, ಕ್ಯಾಪ್ಟನ್ ತಮ್ಮದನ್ನು. 155 ಜನರೂ ಬದುಕಿದರು.

ರೇಡಿಯೊ ಕೆಟ್ಟರೆ 7600 ಹಾಕಿ, ನಿಮ್ಮ ದೇಶದ ರೇಡಿಯೊ ವೈಫಲ್ಯದ ಕ್ರಮದಂತೆ ನಡೆಯಿರಿ. ಟವರ್‌ನಿಂದ ಬರುವ ದೀಪ ನೋಡಿ. ಹಾರುತ್ತಿರುವಾಗ ಸ್ಥಿರ ಹಸಿರು ಅಂದರೆ ಇಳಿಯಿರಿ, ಸ್ಥಿರ ಕೆಂಪು ಅಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ, ಮಿನುಗುವ ಕೆಂಪು ಅಂದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ.

ಹೆಜ್ಜೆ 9: ಇಳಿದ ಮೇಲೆ ಬರೆದಿಡಿ

ಕ್ಲಿಯರೆನ್ಸ್ ಮೀರಿದ್ದರೆ ಆಕಾಶದಲ್ಲೇ ಆದಷ್ಟು ಬೇಗ ಕಂಟ್ರೋಲರ್‌ಗೆ ತಿಳಿಸಿರಬೇಕು. ಕಾಗದದ ಕೆಲಸ ಆಮೇಲಿನದು. ತುರ್ತಿನಲ್ಲಿ ಬೇರೆ ದೇಶದ ಸ್ಥಳೀಯ ನಿಯಮ ಮುರಿಯಬೇಕಾಗಿ ಬಂದರೆ ಅಲ್ಲಿನ ಅಧಿಕಾರಿಗಳಿಗೆ ತಡಮಾಡದೆ ತಿಳಿಸಬೇಕು. ಅವರು ವರದಿ ಕೇಳಿದರೆ ಸಾಮಾನ್ಯವಾಗಿ ಹತ್ತು ದಿನದೊಳಗೆ ಕೊಡಬೇಕು, ಅದರ ಪ್ರತಿ ನಿಮ್ಮ ಸಂಸ್ಥೆಯ ದೇಶಕ್ಕೂ ಹೋಗಬೇಕು ಅನ್ನುತ್ತದೆ ಐಕಾವೊ. ಅಮೆರಿಕದಲ್ಲಿ ತುರ್ತಿಗೆ ಆದ್ಯತೆ ಪಡೆದಿದ್ದರೆ, ಕೇಳಿದಾಗ 48 ಗಂಟೆಯೊಳಗೆ ವರದಿ ಕೊಡಬೇಕು.

ಯಾರೂ ಕೇಳದಿದ್ದರೂ ಅದೇ ದಿನ ಬರೆಯಿರಿ. ಎಂಜಿನ್ ನಿಲ್ಲಿಸಿ, ಕಾಕ್‌ಪಿಟ್ ಬಿಡುವ ಮುಂಚೆಯೇ ಆದರೆ ಒಳ್ಳೆಯದು. ನೆನಪು ಒಂದು ರಾತ್ರಿಯಲ್ಲೇ ಕಥೆ ಕಟ್ಟಿಕೊಳ್ಳುತ್ತದೆ. ಸಮಯ, ಎತ್ತರ, ಫ್ರೀಕ್ವೆನ್ಸಿ, ಅವರು ಹೇಳಿದ್ದು, ನೀವು ತಿರುಗಿ ಹೇಳಿದ್ದು, ನಿಮಗೆ ಕಂಡದ್ದು, ನೀವು ಮಾಡಿದ್ದು, ಮತ್ತೆ ಕ್ಲಿಯರೆನ್ಸ್‌ಗೆ ಮರಳಿದ ಹೊತ್ತು. ಇಷ್ಟು ಸಾಕು. ಸಮರ್ಥನೆ ಬೇಡ. ಉದಾಹರಣೆಗೆ: 'ಎಂಟು ಸಾವಿರ ಅಡಿಯಲ್ಲಿ ಇರಿ ಅಂತ ಸೂಚನೆ ಇತ್ತು. ಟಿಕ್ಯಾಸ್ ಡಿಸೆಂಡ್ ಅಂತು. ಏಳು ಸಾವಿರದ ಐನೂರಕ್ಕೆ ಇಳಿದೆ. ಕೂಡಲೇ ಟಿಕ್ಯಾಸ್ ಆರ್‌ಎ ಅಂತ ತಿಳಿಸಿದೆ. ಅಪಾಯ ಕಳೆದ ಮೇಲೆ ಎಂಟು ಸಾವಿರಕ್ಕೆ ಮರಳಿ, ಅದನ್ನೂ ತಿಳಿಸಿದೆ.'